ಶಿವನಸಮುದ್ರದಿಂದ ಮಾದೇಶ್ವರ ಬೆಟ್ಟಕ್ಕೆ: ಒಣಕಾಡಿನ ಕಾಲುದಾರಿ

ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದ ಬಳಿ ಕಾವೇರಿಯನ್ನು ದಾಟಿ, ಸತ್ತೇಗಾಲ, ಕೊಳ್ಳೇಗಾಲ, ಹನೂರು, ಕೌದಳ್ಳಿಗಳನ್ನು ಹಾಯ್ದು ಮಲೆ ಮಹದೇಶ್ವರ ಬೆಟ್ಟ ಸೇರುವ ದಾರಿ ಹಳೆಯ ಮೈಸೂರು ಸೀಮೆಯ ದೊಡ್ಡ ಕಾಲ್ನಡಿಗೆ ದಾರಿಗಳಲ್ಲಿ ಒಂದು. ಉದ್ದ ನೂರು ಕಿಲೋಮೀಟರಿಗೆ ತುಸು ಕಡಿಮೆ. ಮೊದಲ ಭಾಗ ಊರು, ಹೊಲ, ಕೆರೆಗಳ ನಡುವೆ ಸಾಗುತ್ತದೆ. ಹನೂರು ದಾಟಿದ ಮೇಲೆ ಊರುಗಳು ವಿರಳವಾಗುತ್ತವೆ; ಕೌದಳ್ಳಿಯ ಆಚೆ ಗುಡ್ಡ ಮತ್ತು ಕಾಡೇ ಹೆಚ್ಚು. ಮಳವಳ್ಳಿ, ಮದ್ದೂರು, ಮಂಡ್ಯ ಕಡೆಯ ಒಕ್ಕಲು ಮನೆಗಳಿಗೆ ಇದು ಮಾದಪ್ಪನ, ಅಂದರೆ ಮಹದೇಶ್ವರನ, ದಾರಿ. ವರ್ತಕರಿಗೆ ಒಂದು ಕಾಲದಲ್ಲಿ ಇದು ಬಯಲುಸೀಮೆಯಿಂದ ತಮಿಳು ನಾಡಿಗೆ ಇಳಿಯುವ ಕಣಿವೆ ದಾರಿಯಾಗಿತ್ತು.

ಈ ಪ್ರದೇಶ ಮರುಭೂಮಿಯಲ್ಲ. ಆಸ್ಟ್ರೇಲಿಯಾದ ಒಳನಾಡಿನ ಬಹುಭಾಗದಲ್ಲಿ ವರ್ಷಕ್ಕೆ 250 ಮಿ.ಮೀ. ಮಳೆಯೂ ಆಗುವುದಿಲ್ಲ, ಹನೂರಿನ ಸುತ್ತ ಅದರ ಎರಡು ಮೂರು ಪಟ್ಟು ಬೀಳುತ್ತದೆ. ಆದರೂ ಬೇಸಿಗೆಯಲ್ಲಿ ಎರಡೂ ಕಡೆಯ ದಾರಿಹೋಕರನ್ನು ಕಾಡುವ ಪ್ರಶ್ನೆ ಒಂದೇ, ಮುಂದಿನ ನೀರು ಎಷ್ಟು ದೂರದಲ್ಲಿದೆ ಎಂಬುದು. ಪಶ್ಚಿಮ ಆಸ್ಟ್ರೇಲಿಯಾದ ವಿಲೂನಾದಿಂದ ಹಾಲ್ಸ್ ಕ್ರೀಕ್‌ವರೆಗೆ ದನಗಳನ್ನು ಅಟ್ಟಿಕೊಂಡು ಹೋಗುವ ದಾರಿ ಮಾಡಲು ಆಲ್ಫ್ರೆಡ್ ಕ್ಯಾನಿಂಗ್ 1908–10ರಲ್ಲಿ ಸುಮಾರು 1,850 ಕಿ.ಮೀ. ಉದ್ದಕ್ಕೂ ಐವತ್ತರಷ್ಟು ಬಾವಿಗಳನ್ನು ತೋಡಿಸಬೇಕಾಯಿತು. ಮಾದಪ್ಪನ ದಾರಿಯಲ್ಲಿ ಆ ಕೆಲಸ ನಡೆದದ್ದು ಕೆರೆಗಳಿಂದ, ಹಳ್ಳದ ಒರತೆಗಳಿಂದ, ಅದಕ್ಕಿಂತ ಹೆಚ್ಚಾಗಿ ದಾರಿಬದಿಯ ಜನ ನಡೆಸಿಕೊಂಡು ಬಂದ ಅರವಟ್ಟಿಗೆಗಳಿಂದ. ಈ ದಾರಿಯ ಚರಿತ್ರೆಯಲ್ಲಿ ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿಲ್ಲ.

ನಕ್ಷೆ ನೋಡಿದವರಿಗೆ ಇಲ್ಲಿ ನೀರಿಗೆ ಕೊರತೆಯಿದೆ ಎಂದು ತೋರುವುದಿಲ್ಲ. ಶಿವನಸಮುದ್ರದಲ್ಲಿ ಕಾವೇರಿ ಎರಡು ಕವಲಾಗಿ ದ್ವೀಪವೊಂದನ್ನು ಸುತ್ತುವರಿದು, ಪಶ್ಚಿಮದ ಕವಲು ಗಗನಚುಕ್ಕಿಯಾಗಿಯೂ ಪೂರ್ವದ ಕವಲು ಭರಚುಕ್ಕಿಯಾಗಿಯೂ ಧುಮುಕುತ್ತದೆ. ಜಲಪಾತದ ಕೆಳಗೆ ಮತ್ತೆ ಒಂದಾದ ಹೊಳೆ ಆಳವಾದ ಕಮರಿಗೆ ಇಳಿದು, ಮುತ್ತತ್ತಿ, ಸಂಗಮ, ಮೇಕೆದಾಟುಗಳ ಮೂಲಕ ಹೊಗೇನಕಲ್ಲಿನ ಕಡೆಗೆ ಹರಿಯುತ್ತದೆ. ದಾರಿಯಾದರೋ ಹೊಳೆಯಿಂದ ದೂರ ಸರಿದು ದಕ್ಷಿಣಕ್ಕೂ ಆಗ್ನೇಯಕ್ಕೂ ಏರುತ್ತದೆ. ಹೀಗಾಗಿ ಈ ಸೀಮೆಯ ಅತಿದೊಡ್ಡ ಹೊಳೆ ಬೆಟ್ಟಗಳ ಆಚೆ ಹರಿಯುತ್ತಿದ್ದರೂ ನಡೆಯುವವರ ಬಾಯಾರಿಕೆಗೆ ಅದರಿಂದ ಉಪಯೋಗವಿಲ್ಲ. ಅವರಿಗೆ ಸಿಗುವುದು ಉಡುತೊರೆ ಹಳ್ಳದಂಥ ಸಣ್ಣ ಹಳ್ಳಗಳು ಮಾತ್ರ. ಇವು ಮಳೆಗಾಲದಲ್ಲಿ ಹರಿದು, ಚಳಿಗಾಲ ಕಳೆಯುವ ಹೊತ್ತಿಗೆ ಮಡುಗಳಲ್ಲಿ ಅಷ್ಟಿಷ್ಟು ನೀರು ಉಳಿಸಿಕೊಂಡು ಬತ್ತುತ್ತವೆ.

ಪಶ್ಚಿಮ ಘಟ್ಟ ಮತ್ತು ಬಿಳಿಗಿರಿರಂಗನ ಬೆಟ್ಟಗಳ ಮಳೆನೆರಳಿನಲ್ಲಿರುವ ಈ ಸೀಮೆಗೆ ಮುಂಗಾರು ತೆಳುವಾಗಿಯೇ ತಲುಪುತ್ತದೆ. ಮೇ ತಿಂಗಳ ಗುಡುಗು ಮಳೆ, ಸೆಪ್ಟೆಂಬರ್–ಅಕ್ಟೋಬರಿನ ಹಿಂಗಾರು ಇವೇ ನೆಲವನ್ನು ತಣಿಸುವುದು. ಕಗ್ಗಲಿ, ಜಾಲಿ, ದಿಂಡಿಗ, ಕಮರ, ಬಿದಿರು, ನೆಲ್ಲಿ, ಅಲ್ಲಲ್ಲಿ ಶ್ರೀಗಂಧ ಇಲ್ಲಿನ ಮರಗಿಡಗಳು. ಶಿವರಾತ್ರಿಯ ವೇಳೆಗೆ ಕಾಡು ಎಲೆಯುದುರಿಸಿ ಬೋಳಾಗಿರುತ್ತದೆ. ನೆರಳು ಬೇಕಾದವರು ಹಳ್ಳದ ದಂಡೆಯ ಹುಣಸೆ, ಹೊಂಗೆ, ಹೊಳೆಮತ್ತಿಗಳನ್ನೇ ಹುಡುಕಬೇಕು. ಹೊಂಗೆ ಮತ್ತು ಹೊಳೆಮತ್ತಿ ಹಸುರಾಗಿ ಸಾಲುಗಟ್ಟಿರುವುದು ಕಂಡರೆ ಅಲ್ಲಿ ನೆಲದಡಿ ನೀರಿದೆಯೆಂದು ಅನುಭವಸ್ಥರು ತಿಳಿಯುತ್ತಾರೆ. ಬತ್ತಿದ ಹಳ್ಳದ ತಿರುವಿನಲ್ಲಿ ಮರಳು ಬಗೆದು ಒರತೆ ತೆಗೆಯುವುದು ಹಳೆಯ ಕ್ರಮ. ಮೊದಲು ಊರುವ ಕದಡು ನೀರನ್ನು ಚೆಲ್ಲಿ, ತಿಳಿ ನೀರು ಬರುವ ತನಕ ಕಾಯಬೇಕು. ಆನೆಗಳೂ ಹೀಗೆಯೇ ಮರಳು ಬಗೆಯುತ್ತವೆ. ಆದ್ದರಿಂದ ಅವು ಹೊಸದಾಗಿ ಬಗೆದ ಗುಂಡಿ ಕಂಡರೆ ನೀರಿನ ಸುಳಿವೂ ಹೌದು, ಅಪಾಯದ ಸೂಚನೆಯೂ ಹೌದು.

ಹೊಳೆ ದಾಟುವುದೇ ಈ ಪ್ರಯಾಣದ ಮೊದಲ ಘಟ್ಟ. ಉಮ್ಮತ್ತೂರಿನ ಪಾಳೆಯಗಾರರಿಗೆ ಶಿವನಸಮುದ್ರದ ದ್ವೀಪ ಗಟ್ಟಿ ನೆಲೆಯಾಗಿದ್ದುದು ಅಲ್ಲಿಗೆ ಹೋಗಿಬರುವುದು ಕಷ್ಟವಾಗಿದ್ದುದರಿಂದಲೇ. ಹದಿನಾರನೆಯ ಶತಮಾನದ ಆರಂಭದಲ್ಲಿ ವಿಜಯನಗರದ ಕೃಷ್ಣದೇವರಾಯ ಗಂಗರಾಜನನ್ನು ಸೋಲಿಸಿದ ಮೇಲೆ ನೆಲೆ ಕ್ಷೀಣಿಸಿತು. ಶ್ರೀರಂಗಪಟ್ಟಣದ ಆದಿರಂಗ, ಶ್ರೀರಂಗದ ಅಂತ್ಯರಂಗಗಳ ನಡುವಿನ ಮಧ್ಯರಂಗನೆಂದು ಹೆಸರಾದ ರಂಗನಾಥನ ಗುಡಿ ಮತ್ತು ಸೋಮೇಶ್ವರ ದೇವಾಲಯಗಳಿದ್ದ ದ್ವೀಪದಲ್ಲಿ ಕಾಡು ಬೆಳೆಯಿತು. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ರಾಮಸ್ವಾಮಿ ಮೊದಲಿಯಾರ್ ಎಂಬವರು ಎರಡೂ ಕವಲುಗಳ ಮೇಲಿನ ಸೇತುವೆಗಳನ್ನು ಕಟ್ಟಿಸಿ, ದಾರಿಯನ್ನು ಮತ್ತೆ ತೆರೆದರು. ಇದಕ್ಕಾಗಿ ಅವರಿಗೆ ಜಹಗೀರೂ ‘ಜನೋಪಕಾರ ಕಾಮಕರ್ತ’ ಎಂಬ ಬಿರುದೂ ದೊರೆತವು. ಹೊಳೆಯ ಬಂಡೆಯ ಮೇಲೆ ಕಲ್ಲುಕಂಬಗಳನ್ನು ಸಾಲಾಗಿ ನಿಲ್ಲಿಸಿ, ಮೇಲೆ ತೊಲೆ ಮತ್ತು ಚಪ್ಪಡಿಗಳನ್ನು ಹೊದಿಸಿದ ಕಟ್ಟಡ ಇದು, ಕಮಾನುಗಳಿಲ್ಲ. ನೀರಿನ ರಭಸಕ್ಕೆ ಅಡ್ಡವಾಗದೆ ಕಂಬಗಳ ಸಂದಿಯಲ್ಲಿ ಹೊಳೆಯನ್ನು ಹರಿಯಬಿಡುವ ಈ ರೀತಿ ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆಯಲ್ಲೂ ಕಾಣುತ್ತದೆ. ಸತ್ತೇಗಾಲದ ಕಡೆಯ ವೆಸ್ಲಿ ಸೇತುವೆ 2018ರ ಪ್ರವಾಹದಲ್ಲಿ ಭಾಗಶಃ ಕುಸಿಯಿತು. ಹೆದ್ದಾರಿಯ ವಾಹನಗಳಿಗೆ ಈಗ ಬೇರೆ ಸೇತುವೆಯಿದೆ.

ಮಳವಳ್ಳಿಯಿಂದ ಬರುವವರು ಶಿವನಸಮುದ್ರದ ಸೇತುವೆ ದಾರಿ ಹಿಡಿದರೆ, ಕನಕಪುರ, ರಾಮನಗರ, ಚನ್ನಪಟ್ಟಣದ ಕಡೆಯವರಲ್ಲಿ ಅನೇಕರು ಕೆಳಗಡೆ, ಅರ್ಕಾವತಿ ಬಂದು ಸೇರುವ ಸಂಗಮದಲ್ಲಿ ಕಾವೇರಿಯನ್ನು ಕಾಲ್ನಡಿಗೆಯಲ್ಲೇ ದಾಟಿ, ಕಾಡಿನೊಳಗಿನಿಂದ ಶಾಗ್ಯದ ಮೇಲೆ ಹನೂರಿನ ದಾರಿ ಸೇರುತ್ತಾರೆ. ಇದು ಹತ್ತಿರದ ದಾರಿ, ಆದರೆ ಕಠಿಣ. ಶಿವರಾತ್ರಿ, ಯುಗಾದಿಗಳ ವೇಳೆಗೆ ಹೊಳೆ ಇಳಿದಿರುವುದರಿಂದ ಇದು ಸಾಧ್ಯವಾಗುತ್ತದೆ. ದೀಪಾವಳಿಗೆ ಹೊಳೆ ಇನ್ನೂ ತುಂಬಿರುವುದರಿಂದ ಸೇತುವೆಯೇ ಗತಿ. ಇಲ್ಲಿ ನೀರಿನ ಮಟ್ಟ ಮಳೆಯೊಂದನ್ನೇ ಅವಲಂಬಿಸಿಲ್ಲ. ಮೇಲಿನ ಅಣೆಕಟ್ಟುಗಳಿಂದ ಬಿಡುವ ನೀರಿಗೆ ತಕ್ಕಂತೆ ಅದು ಏರಿಳಿಯುತ್ತದೆ. ಬಿರುಬಿಸಿಲಿನ ದಿನವೂ ಮೊಣಕಾಲುದ್ದದ ನೀರು ಸೊಂಟಕ್ಕೆ ಏರಬಹುದು. ಅದಕ್ಕೇ ದಡದಿಂದ ದಡಕ್ಕೆ ಹಗ್ಗ ಕಟ್ಟಿ, ಒಬ್ಬರನ್ನೊಬ್ಬರು ಹಿಡಿದು ಸಾಲಾಗಿ ದಾಟುವ ಪದ್ಧತಿ ಬಂದಿದೆ. ಪಾಚಿಗಟ್ಟಿದ ಬಂಡೆ, ಮೊಸಳೆ, ಆಳ ತಿಳಿಯದ ಮಡುಗಳು ಇಲ್ಲಿನ ಇತರ ಅಪಾಯಗಳು.

ಈ ದಾರಿಯ ಹಳೆಯ ಬರಹ ದಾಖಲೆಗಳಲ್ಲಿ ಫ್ರಾನ್ಸಿಸ್ ಬುಕನನ್‌ನದು ಮುಖ್ಯ. ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ ಮೈಸೂರು ಸೀಮೆಯನ್ನು ಸುತ್ತಿದ ಈ ವೈದ್ಯ ಮಳವಳ್ಳಿಯಿಂದ ಸತ್ತೇಗಾಲಕ್ಕೆ ಬಂದು, ಜಲಪಾತಗಳನ್ನು ನೋಡಿ, ಕೊಳ್ಳೇಗಾಲ, ಹನೂರು, ಕೌದಳ್ಳಿಗಳ ಮೂಲಕ ಕಾವೇರಿಪುರದ ಕಣಿವೆ ಇಳಿದ. 1807ರಲ್ಲಿ ಪ್ರಕಟವಾದ ಅವನ ಪ್ರವಾಸ ಗ್ರಂಥದಲ್ಲಿ ಬೆಳೆ, ಕೆರೆ, ಮಣ್ಣು, ಕಬ್ಬಿಣ ಕರಗಿಸುವ ಕುಲುಮೆ, ಕಾಡಿನ ಜನ ಎಲ್ಲವೂ ಬರುತ್ತವೆ. ಆಗ ಸರಕು ಸಾಗುತ್ತಿದ್ದುದು ಹೇರೆತ್ತುಗಳ ಬೆನ್ನ ಮೇಲೆ. ಕಣಿವೆಯಲ್ಲಿ ಗಾಡಿ ಇಳಿಯುವಂಥ ದಾರಿಯಿರಲಿಲ್ಲ. ಹೇರೆತ್ತಿನ ಸಾಲಿಗೆ ದಿನಕ್ಕೊಮ್ಮೆಯಾದರೂ ಮೇವು–ನೀರು ಸಿಗಬೇಕಾದ್ದರಿಂದ ತಂಗುವ ಊರುಗಳು ಒಂದು ದಿನದ ನಡಿಗೆಯ ಅಂತರದಲ್ಲೇ ಬೆಳೆದವು. ಇಂದಿಗೂ ಪಾದಯಾತ್ರಿಕರು ರಾತ್ರಿ ಉಳಿಯುವ ಊರುಗಳು ಬಹುಪಾಲು ಅವೇ.

1799ರ ನಂತರ ಕೊಳ್ಳೇಗಾಲ ಸೀಮೆ ಕಂಪನಿಯ ಪಾಲಾಗಿ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತು. 1956ರಲ್ಲಿ ಭಾಷಾವಾರು ಪ್ರಾಂತ್ಯಗಳಾಗುವವರೆಗೂ ಶಿವನಸಮುದ್ರದ ಹೊಳೆ ದಾಟಿದವರು ಮೈಸೂರು ಬಿಟ್ಟು ಮದರಾಸಿನ ಸೀಮೆಗೆ ಕಾಲಿಟ್ಟಂತೆ ಆಗುತ್ತಿತ್ತು. ಎರಡೂ ಕಡೆ ಮಾತು ಕನ್ನಡವೇ, ದೇವರು ಮಾದಪ್ಪನೇ. ಕಂದಾಯ ಕೊಡುವ ಸರ್ಕಾರ ಮಾತ್ರ ಬೇರೆ. ನಂತರ ಮೈಸೂರು ಜಿಲ್ಲೆಗೆ ಸೇರಿದ ಈ ಭಾಗ 1997ರಿಂದ ಚಾಮರಾಜನಗರ ಜಿಲ್ಲೆಯಲ್ಲಿದೆ.

ದಾರಿಯ ಉತ್ತರದ ತುದಿ ಹೊರಜಗತ್ತಿಗೆ ಹತ್ತಿರವಾದದ್ದು ವಿದ್ಯುತ್ತಿನಿಂದ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಎಂಜಿನಿಯರ್ ಜೋಲಿ ದ ಲೊಬಿನಿಯೇರ್ ರೂಪಿಸಿದ ಯೋಜನೆಯಂತೆ 1902ರಲ್ಲಿ ಶಿವನಸಮುದ್ರದ ವಿದ್ಯುದಾಗಾರ ಕೆಲಸ ಶುರುಮಾಡಿ, ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂತು. ಭಾರವಾದ ಯಂತ್ರಗಳನ್ನು ಎತ್ತು, ಆನೆಗಳ ಬಲದಿಂದ ಇಲ್ಲಿಗೆ ಸಾಗಿಸಲಾಯಿತು. ಕಣಿವೆಯ ಅಂಚಿನಲ್ಲಿ ಕೆಲಸಗಾರರ ಊರೊಂದು ಹುಟ್ಟಿತು. ಜನ ಅದನ್ನು ಇಂದಿಗೂ ಬ್ಲಫ್ ಎನ್ನುತ್ತಾರೆ. ಮಲೇರಿಯಾಕ್ಕೆ ಕುಖ್ಯಾತವಾಗಿದ್ದ ಈ ತಾಣದಲ್ಲಿ ಜ್ವರ ಬಹಳ ಜನರನ್ನು ಹಣ್ಣುಮಾಡಿತು. ಹಿಂದಿನ ಪ್ರಯಾಣಿಕರು ಹೊಳೆದಂಡೆಯಲ್ಲಿ ರಾತ್ರಿ ಉಳಿಯಲು ಹಿಂಜರಿಯುತ್ತಿದ್ದುದಕ್ಕೆ ಹುಲಿ, ಚಿರತೆಗಳಷ್ಟೇ ಈ ಜ್ವರವೂ ಕಾರಣವಾಗಿತ್ತು.

ದಾರಿಯನ್ನು ಜೀವಂತವಾಗಿ ಉಳಿಸಿದ್ದು ಮಾತ್ರ ಮಾದಪ್ಪನ ಪರಿಸೆ. ಮಹದೇಶ್ವರರು ಹದಿನಾಲ್ಕು–ಹದಿನೈದನೆಯ ಶತಮಾನದ ಶರಣರೆಂದು ವಿದ್ವಾಂಸರು ಊಹಿಸುತ್ತಾರೆ. ದೇವರಗುಡ್ಡರು ಕಂಸಾಳೆ ಹಿಡಿದು ಹಾಡುವ ಮಹಾಕಾವ್ಯದಲ್ಲಿ ಅವರೇ ಒಬ್ಬ ದಾರಿಹೋಕ. ಉತ್ತರ ದೇಶದಿಂದ ಬಂದು, ಸುತ್ತೂರು ಮಠದಲ್ಲಿ ರಾಗಿ ಬೀಸಿ, ಕುಂತೂರು ಮಠದಲ್ಲಿದ್ದು, ಕೊನೆಗೆ ಹುಲಿಯನ್ನೇರಿ ಎಪ್ಪತ್ತೇಳು ಮಲೆಗೆ ಒಡೆಯನಾಗುವ ಕತೆ ಅದು. ಶ್ರವಣಾಸುರನ ವಧೆ, ಆಲಂಬಾಡಿಯ ಜುಂಜೇಗೌಡನ ಭಕ್ತಿ, ಸೋಲಿಗರ ಸಂಕಮ್ಮನ ಸಂಕಟ ಅದರ ಸಾಲುಗಳು. ಡಾ. ಪಿ.ಕೆ. ರಾಜಶೇಖರ ಇದನ್ನು ಸಂಗ್ರಹಿಸಿ 1973ರಲ್ಲಿ ಪ್ರಕಟಿಸಿದರು. ಗಂಡ ಜೇನು ಬೇಟೆಗೆ ಮಲೆಯೊಳಗೆ ಹೋದಾಗ ಒಂಟಿಯಾಗಿ ಉಳಿಯುವ ಸಂಕಮ್ಮನ ಪ್ರಸಂಗದಲ್ಲಿ ಈ ಕಾಡಿನ ಗೆಡ್ಡೆಗೆಣಸು, ಜೇನು, ಕಾಡುಪ್ರಾಣಿಗಳ ತಿಳಿವಳಿಕೆ ತುಂಬಿಕೊಂಡಿದೆ. ಬೆಟ್ಟದ ಪೂಜೆ ಬೇಡಗಂಪಣ ಸಮುದಾಯದವರದು. ಕಾಡನ್ನು ಒಳಗಿನಿಂದ ಬಲ್ಲವರು ಬುಡಕಟ್ಟಿನ ಸೋಲಿಗರು.

ಹೊರಗಿನವರಿಗೆ ಬರಡೆಂದು ಕಾಣುವ ನೆಲದಲ್ಲಿ ಅಲ್ಲಿಯ ಜನಕ್ಕೆ ಅನ್ನ ಕಾಣುತ್ತದೆ. ಆಸ್ಟ್ರೇಲಿಯಾವನ್ನು ದಕ್ಷಿಣದಿಂದ ಉತ್ತರಕ್ಕೆ ದಾಟಲು ಹೊರಟ ಬರ್ಕ್ ಮತ್ತು ವಿಲ್ಸ್ 1861ರಲ್ಲಿ ಕೂಪರ್ ಕ್ರೀಕಿನ ನೀರಿನ ದಂಡೆಯಲ್ಲೇ ಹಸಿವಿನಿಂದ ಸತ್ತರು. ಅವರ ಜೊತೆಗಾರ ಜಾನ್ ಕಿಂಗ್ ಅಲ್ಲಿನ ಯಂಡ್ರುವಂಡ ಜನರ ಆಶ್ರಯದಲ್ಲಿ ಬದುಕಿ ಉಳಿದ. ಮಾದೇಶ್ವರನ ಮಲೆಯಲ್ಲೂ ಯಾವ ಗೆಣಸು ಎಷ್ಟು ಬೇಯಿಸಬೇಕು, ಯಾವ ಮಡುವಿಗೆ ಆನೆ ಯಾವ ಹೊತ್ತಿನಲ್ಲಿ ಇಳಿಯುತ್ತದೆ, ಯಾವ ಬಂಡೆಯ ಕೆಳಗೆ ಬೇಸಿಗೆಯಲ್ಲೂ ನೀರು ಜಿನುಗುತ್ತದೆ ಎಂಬ ವಿವರ ಸೋಲಿಗರಲ್ಲಿದೆ. ದಾರಿ ತಪ್ಪಿದವರನ್ನು ಹುಡುಕುವಾಗ ಅರಣ್ಯ ಇಲಾಖೆಯೂ ಈ ತಿಳಿವಳಿಕೆಯನ್ನೇ ನೆಚ್ಚುತ್ತದೆ.

ಪರಿಸೆಗೆ ಹೊರಡುವುದು ಶಿವರಾತ್ರಿ, ಯುಗಾದಿ, ದೀಪಾವಳಿ ಮತ್ತು ಮಹಾಲಯ ಅಮಾವಾಸ್ಯೆಗೆ. ಊರಿನಿಂದ ಗುಂಪಾಗಿ ಹೊರಡುತ್ತಾರೆ. ದೇವರಗುಡ್ಡ ಮುಂದೆ, ಹಿರಿಯರು ನಡುವೆ, ಹರೆಯದವರು ಹಿಂದೆ. ಹರಕೆ ಹೊತ್ತವರು ಚಪ್ಪಲಿ ಮೆಟ್ಟುವುದಿಲ್ಲ. ಕೋಳಿ ಕೂಗುವ ಹೊತ್ತಿಗೆ ನಡಿಗೆ ಶುರುವಾಗಿ, ಬಿಸಿಲು ಬಲಿಯುವ ಮೊದಲು ಮರದಡಿ ಇಲ್ಲವೇ ಛತ್ರದ ಜಗಲಿಯಲ್ಲಿ ನಿಲ್ಲುತ್ತದೆ. ಸಂಜೆ ಮತ್ತೆ ಎರಡು ಮೂರು ತಾಸು ನಡೆದು, ಕತ್ತಲಾಗುವಷ್ಟರಲ್ಲಿ ತಂಗುತ್ತಾರೆ. ಹೆಗಲ ಗಂಟಿನಲ್ಲಿ ಕಂಬಳಿ ಅಥವಾ ದುಪ್ಪಟಿ, ಹುರಿಗಡಲೆ, ಬೆಲ್ಲ, ಕಡಲೆಪುರಿ, ಬ್ಯಾಟರಿ. ನೀರಿಗೆ ಹಿಂದೆ ಸೋರೆಬುರುಡೆ ಒಯ್ಯುತ್ತಿದ್ದರು; ಅದರಲ್ಲಿ ನೀರು ತಂಪಾಗಿರುತ್ತಿತ್ತು, ಬಿದ್ದರೆ ಒಡೆಯುವ ಭಯವೊಂದೇ. ಈಗ ಅದರ ಜಾಗಕ್ಕೆ ಪ್ಲಾಸ್ಟಿಕ್ ಬಾಟಲಿ ಬಂದಿದೆ, ಅದರ ಕಸ ಕಾಡಿನಲ್ಲಿ ಉಳಿಯುತ್ತಿದೆ. ಅಂಗಾಲಿನಲ್ಲಿ ಬೊಬ್ಬೆ ಎದ್ದರೆ ಎಣ್ಣೆ ಸವರಿ ಬಟ್ಟೆ ಸುತ್ತಿ ನಡೆಯುತ್ತಾರೆ. ಒಮ್ಮೆಗೆ ಹೊಟ್ಟೆತುಂಬ ನೀರು ಕುಡಿದು ನಡೆಯಬಾರದು, ಗುಟುಕು ಗುಟುಕಾಗಿ ಕುಡಿಯಬೇಕು, ಉಪ್ಪು ಹಾಕಿದ ಮಜ್ಜಿಗೆ ಸಿಕ್ಕರೆ ಬಿಡಬಾರದು ಎಂದು ಹಿರಿಯರು ಹೇಳುವ ಮಾತು ವೈದ್ಯರ ಸಲಹೆಗೆ ಹೊಂದುತ್ತದೆ. ಬೆವರಿನೊಂದಿಗೆ ಉಪ್ಪೂ ಹೋಗುವುದರಿಂದ ಬರಿಯ ನೀರು ಸಾಲದು.

ಈ ನಡಿಗೆಯನ್ನು ಸಾಧ್ಯ ಮಾಡುವುದು ದಾರಿಯುದ್ದಕ್ಕೂ ಇರುವ ಉಪಚಾರ. ಊರಿನವರು ಚಪ್ಪರ ಹಾಕಿ, ಹೊಸ ಮಡಕೆಗಳನ್ನು ಮರಳಿನ ಮೇಲೆ ಕೂರಿಸಿ, ನೀರು, ಮಜ್ಜಿಗೆ, ಬೆಲ್ಲದ ಪಾನಕ, ಕೋಸಂಬರಿ ಹಂಚುತ್ತಾರೆ. ಕೆಲವು ಕಡೆ ಮುದ್ದೆ–ಸಾರು, ಚಿತ್ರಾನ್ನ, ಕಲ್ಲಂಗಡಿ ಹೋಳು. ಮಾದಪ್ಪನ ಒಕ್ಕಲು ಯಾವ ಜಾತಿಯದೆಂದು ಕೇಳದೆ ಕೊಡುವುದು ಇಲ್ಲಿನ ವಾಡಿಕೆ. ಬೆಟ್ಟದ ಮೇಲಿನ ದಾಸೋಹಕ್ಕೂ ದಾರಿಯ ಅರವಟ್ಟಿಗೆಗೂ ಒಂದೇ ತತ್ತ್ವ. ಹರಕೆ ತೀರಿಸಲು ನಡೆಯುವವರು ಇರುವಂತೆ, ನಡೆಯುವವರಿಗೆ ನೀರು ಕೊಟ್ಟು ಹರಕೆ ತೀರಿಸುವ ಮನೆಗಳೂ ಇವೆ. ಸರ್ಕಾರದ ಟ್ಯಾಂಕರ್, ನಲ್ಲಿ, ಸ್ನಾನಗೃಹಗಳು ಈಗ ಬಂದಿವೆಯಾದರೂ ಲಕ್ಷಾಂತರ ಜನ ಸೇರುವ ದಿನಗಳಲ್ಲಿ ಅವಷ್ಟೇ ಸಾಲುವುದಿಲ್ಲ.

ಕೌದಳ್ಳಿ ಬಿಟ್ಟರೆ ತಾಳುಬೆಟ್ಟ. ಬೆಟ್ಟದ ಬುಡದ ಈ ತಾಣದಲ್ಲಿ ತೆಂಗಿನಕಾಯಿ ಒಡೆದು, ಧೂಪ ಹಾಕಿ ಏರಲು ತೊಡಗುತ್ತಾರೆ. ಇಲ್ಲಿಂದ ಬೆಟ್ಟಕ್ಕೆ ಸುಮಾರು 18 ಕಿ.ಮೀ. ರಸ್ತೆ ತಿರುತಿರುಗಿ ಏರಿದರೆ ಕಾಲುದಾರಿ ಮೆಟ್ಟಿಲು, ಬಂಡೆಗಳ ಮೇಲೆ ನೇರವಾಗಿ ಹತ್ತುತ್ತದೆ. ರಂಗಸ್ವಾಮಿ ಒಡ್ಡು, ಆನೆತಲೆದಿಂಬ ಮೊದಲಾದವು ದಾರಿಯ ನಿಲುಗಡೆಗಳು. ಈ ಕೊನೆಯ ಏರಿನಲ್ಲಿ ಗುಂಪಿನೊಳಗೆ ಒಬ್ಬರು ‘ಉಘೇ’ ಎಂದು ಕೂಗಿದರೆ ಉಳಿದವರು ದನಿಗೂಡಿಸುತ್ತಾರೆ. ಭಕ್ತಿಯ ಈ ಕೂಗಿಗೆ ಕಾಡಿನಲ್ಲಿ ಇನ್ನೊಂದು ಉಪಯೋಗವೂ ಉಂಟು. ಮುಂದಿನ ತಿರುವಿನಲ್ಲಿ ಆನೆಯೋ ಕರಡಿಯೋ ಇದ್ದರೆ ದೂರದಿಂದಲೇ ಸದ್ದು ಕೇಳಿ ಸರಿದುಹೋಗುತ್ತದೆ. ದೀಪಾವಳಿಯಲ್ಲಿ ನಡೆಯುವ ಹಾಲರವಿ ಉತ್ಸವವೂ ನೀರಿನದೇ ಹಬ್ಬ: ಬೇಡಗಂಪಣರ 101 ಹೆಣ್ಣುಮಕ್ಕಳು ಕಾಡಿನೊಳಗಿನ ಹಾಲರೆ ಹಳ್ಳದಿಂದ ಕಳಸಗಳಲ್ಲಿ ನೀರು ಹೊತ್ತು ತಂದು ದೇವರಿಗೆ ಅಭಿಷೇಕ ಮಾಡಿಸುತ್ತಾರೆ.

ದಾರಿಯ ಎರಡೂ ಬದಿಯ ಕಾಡು ಈಗ ರಕ್ಷಿತ ಪ್ರದೇಶ. 1987ರಲ್ಲಿ ಕಾವೇರಿ ವನ್ಯಧಾಮ, 2013ರಲ್ಲಿ ಸುಮಾರು 906 ಚದರ ಕಿ.ಮೀ. ವಿಸ್ತಾರದ ಮಲೆ ಮಹದೇಶ್ವರ ವನ್ಯಧಾಮ ಘೋಷಣೆಯಾದವು. ಆನೆ, ಕಾಟಿ, ಚಿರತೆ, ಹುಲಿ, ಕರಡಿಗಳ ಜೊತೆಗೆ ಹೊಳೆದಂಡೆಯ ಮರಗಳಲ್ಲಿ ಅಪರೂಪದ ನರೆ ಅಳಿಲು ಇಲ್ಲಿದೆ. 2025ರ ಜೂನ್‌ನಲ್ಲಿ ಹೂಗ್ಯಂ ವಲಯದಲ್ಲಿ ತಾಯಿ ಹುಲಿ ಮತ್ತು ನಾಲ್ಕು ಮರಿಗಳು ವಿಷಪ್ರಾಶನದಿಂದ ಸತ್ತದ್ದು ರಾಜ್ಯವನ್ನೇ ಕಲಕಿತು. ದನಗಾಹಿ ಊರುಗಳು ಮತ್ತು ಹುಲಿಯ ನಡುವಿನ ಘರ್ಷಣೆ ಇದರಿಂದ ಹೊರಬಿತ್ತು. ಪಾದಯಾತ್ರೆ ಮತ್ತು ಕಾಡಿನ ನಡುವಿನ ದೊಡ್ಡ ಸಮಸ್ಯೆ ಬೆಂಕಿ. ಶಿವರಾತ್ರಿಯಿಂದ ಯುಗಾದಿಯವರೆಗಿನ ಕಾಲವೇ ಕಾಳ್ಗಿಚ್ಚಿನ ಕಾಲ. ಅಡುಗೆಗೆಂದು ಹೂಡಿದ ಮೂರು ಕಲ್ಲಿನ ಒಲೆ ಸರಿಯಾಗಿ ಆರದಿದ್ದರೆ ಗಾಳಿಗೆ ಒಣಹುಲ್ಲು ಹೊತ್ತಿ ಗುಡ್ಡವೇ ಉರಿಯಬಹುದು.

ಕಳೆದ ಶತಮಾನದ ಕೊನೆಯಲ್ಲಿ ಈ ದಾರಿಯ ಭಯವೆಲ್ಲ ವೀರಪ್ಪನ್ ಎಂಬ ಒಂದು ಹೆಸರಿಗೆ ಅಂಟಿಕೊಂಡಿತ್ತು. ಗೋಪಿನಾಥಂನಲ್ಲಿ ಹುಟ್ಟಿದ ಈ ದಂತಚೋರ 1991ರ ನವೆಂಬರಿನಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನೂ, 1992ರ ಆಗಸ್ಟ್ 14ರಂದು ಮೀಣ್ಯಂ ಬಳಿ ಎಸ್‌ಪಿ ಹರಿಕೃಷ್ಣ ಮತ್ತು ಎಸ್‌ಐ ಶಕೀಲ್ ಅಹಮದ್ ಅವರನ್ನೂ ಕೊಂದ. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬ್ ಸಿಡಿಸಿ 22 ಮಂದಿಯ ಸಾವಿಗೆ ಕಾರಣನಾದ. ವಿಶೇಷ ಕಾರ್ಯಪಡೆಯ ತಪಾಸಣೆ, ಸಂಜೆಯ ನಂತರ ನಿಂತುಹೋಗುವ ಸಂಚಾರ, ಕಾಡಂಚಿನ ಊರುಗಳ ಜನ ಎರಡೂ ಕಡೆಯಿಂದ ಅನುಭವಿಸಿದ ಯಾತನೆ ಆ ವರ್ಷಗಳ ಚಿತ್ರ. 2004ರ ಅಕ್ಟೋಬರ್ 18ರಂದು ಅವನು ಹತನಾದ ಮೇಲೆ ಸಂಚಾರ ಮತ್ತೆ ಸರಾಗವಾಯಿತು.

ದೂರದ ಕಷ್ಟ ಇನ್ನೂ ತೀರಿಲ್ಲ. 2018ರ ಡಿಸೆಂಬರ್ 14ರಂದು ಹನೂರು ಭಾಗದ ಸುಳ್ವಾಡಿಯ ಕಿಚ್‌ಗುತ್ ಮಾರಮ್ಮನ ಗುಡಿಯಲ್ಲಿ ವಿಷ ಬೆರೆಸಿದ ಪ್ರಸಾದ ತಿಂದು 17 ಮಂದಿ ಸತ್ತರು. ಅಸ್ವಸ್ಥರನ್ನು ಕಾಮಗೆರೆ, ಕೊಳ್ಳೇಗಾಲಗಳಿಗೂ ಅಲ್ಲಿಂದ ಮೈಸೂರಿಗೂ ಸಾಗಿಸುವುದರಲ್ಲಿ ಬೆಲೆಬಾಳುವ ಗಂಟೆಗಳು ಕಳೆದವು. ಬೆಟ್ಟದ ಸುತ್ತಲಿನ ಇಂಡಿಗನತ್ತ, ಮೆಂದಾರೆ, ತುಳಸಿಕೆರೆ, ಪಡಸಲನತ್ತದಂಥ ಊರುಗಳಿಂದ ರೋಗಿಗಳನ್ನೂ ಗರ್ಭಿಣಿಯರನ್ನೂ ಡೋಲಿ ಕಟ್ಟಿ ಹೊತ್ತು ತಂದ ಸುದ್ದಿಗಳು ಪತ್ರಿಕೆಗಳಲ್ಲಿ ಪದೇ ಪದೇ ಬಂದಿವೆ. ಮೂಲಸೌಕರ್ಯವಿಲ್ಲವೆಂದು 2024ರ ಏಪ್ರಿಲ್‌ನ ಲೋಕಸಭಾ ಚುನಾವಣೆಯನ್ನು ಬಹಿಷ್ಕರಿಸಿದಾಗ ಇಂಡಿಗನತ್ತದ ಮತಗಟ್ಟೆಯಲ್ಲಿ ಗಲಭೆಯಾಗಿ ಮರುಮತದಾನ ನಡೆಯಿತು. ಶಾಲೆಯ ಮಕ್ಕಳಿಗೂ ರೋಗಿಗಳಿಗೂ ಅರಣ್ಯ ಇಲಾಖೆ ‘ಜನ–ವನ’ ಹೆಸರಿನಲ್ಲಿ ಜೀಪು ಓಡಿಸಿದ್ದು ಸಣ್ಣ ಏರ್ಪಾಡಾದರೂ ಉಪಯುಕ್ತವಾದದ್ದು. ಯಾತ್ರಿಕರು ಕೆಲವೇ ದಿನ ಪಡುವ ಪಾಡು ಇಲ್ಲಿನವರಿಗೆ ವರ್ಷವಿಡೀ ಇರುತ್ತದೆ ಎಂಬುದನ್ನು ಈ ದಾರಿಯ ಬಗ್ಗೆ ಬರೆಯುವವರು ಮರೆಯಕೂಡದು.

ಬೆಂಗಳೂರು–ಕನಕಪುರ–ಮಳವಳ್ಳಿ–ಕೊಳ್ಳೇಗಾಲದ ಹೆದ್ದಾರಿ ಮತ್ತು ಸರ್ಕಾರಿ ಬಸ್ಸುಗಳಿಂದ ಹೆಚ್ಚಿನ ಭಕ್ತರು ಇಂದು ಒಂದೇ ದಿನದಲ್ಲಿ ಹೋಗಿಬರುತ್ತಾರೆ. ಬೆಟ್ಟದಲ್ಲಿ ವಸತಿಗೃಹ, ದಾಸೋಹ ಭವನಗಳನ್ನು ಕ್ಷೇತ್ರದ ಅಭಿವೃದ್ಧಿ ಪ್ರಾಧಿಕಾರ ನೋಡಿಕೊಳ್ಳುತ್ತದೆ. 2023ರ ಮಾರ್ಚ್‌ನಲ್ಲಿ ಮಹದೇಶ್ವರರ 108 ಅಡಿ ಎತ್ತರದ ಪ್ರತಿಮೆ ಅನಾವರಣಗೊಂಡಿತು. ಆದರೂ ಶಿವರಾತ್ರಿ ಹತ್ತಿರವಾದಂತೆ ಸತ್ತೇಗಾಲದಿಂದ ಹನೂರಿನವರೆಗೆ ರಸ್ತೆಯ ಅಂಚಿನಲ್ಲಿ ಕಾಲ್ನಡಿಗೆಯವರ ಸಾಲು ಕಾಣುತ್ತದೆ. ಅವರಿಗೆ ಈಗ ಆನೆಗಿಂತ ವೇಗದ ವಾಹನಗಳ ಭಯ ಹೆಚ್ಚು. ರಾತ್ರಿ ನಡೆಯುವವರು ಬೆಳಕು ಪ್ರತಿಫಲಿಸುವ ಪಟ್ಟಿ ಧರಿಸಬೇಕೆಂದು ತಿಳಿದವರು ಹೇಳುತ್ತಾರೆ. ಬೆಟ್ಟದ ಆಚೆ ರಸ್ತೆ ಪಾಲಾರಿಗೆ ಇಳಿದು, ತಮಿಳುನಾಡಿನ ಗಡಿ ದಾಟಿ, ಮೆಟ್ಟೂರು ಜಲಾಶಯದ ದಂಡೆಯಲ್ಲಿ ಮತ್ತೆ ಕಾವೇರಿಯನ್ನು ಸೇರುತ್ತದೆ.